ಕಾಯ್ದೆಯಲ್ಲಿ ಏನಿದೆ, ಅದು ಯಾವ ದಿನ ಪಾಸಾಯಿತು: ಇಲಿನಾಯ್ ಕಲಿಸುವ ಪಾಠ

ಅಮೆರಿಕದ ರಾಜ್ಯಗಳ ಪರಿಸರ ಕಾಯ್ದೆ ಓದುವವರು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದಿಂದ ಶುರುಮಾಡುತ್ತಾರೆ. ನಾನು ಇಲಿನಾಯ್ ಹಿಡಿದುಕೊಂಡೆ. ಜನರ ಒತ್ತಡ ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ನಾವು ನೋಡುತ್ತಿರುವುದು 2021ರ ಕ್ಲೈಮೇಟ್ ಅಂಡ್ ಈಕ್ವಿಟಬಲ್ ಜಾಬ್ಸ್ ಆಕ್ಟ್. ಕರೆಯುವುದು ‘ಸೀಜಾ’ ಎಂದು. 2045ರೊಳಗೆ ರಾಜ್ಯದ ವಿದ್ಯುತ್ ಪೂರ್ತಿ ಇಂಗಾಲಮುಕ್ತವಾಗಬೇಕು, 2030ಕ್ಕೆ ಶೇ 40ರಷ್ಟು ಸೌರ, ಪವನದಂಥ ಮೂಲಗಳಿಂದ ಬರಬೇಕು ಎಂಬುದು ಗುರಿ. ಖಾಸಗಿ ಕಲ್ಲಿದ್ದಲು ಸ್ಥಾವರಗಳಿಗೆ 2030 ಕೊನೆಯ ಗಡುವು.

ಬೇರು ಹಳೆಯದು. ಶಿಕಾಗೋದ ಪಿಲ್ಸೆನ್ ಮತ್ತು ಲಿಟಲ್ ವಿಲೇಜ್ ಬಡಾವಣೆಗಳಲ್ಲಿ, ಮನೆಗಳ ಪಕ್ಕದಲ್ಲೇ ಫಿಸ್ಕ್, ಕ್ರಾಫರ್ಡ್ ಎಂಬ ಎರಡು ಕಲ್ಲಿದ್ದಲು ಸ್ಥಾವರಗಳಿದ್ದವು. ಅಲ್ಲಿನವರು ವರ್ಷಗಟ್ಟಲೆ ಹೋರಾಡಿದರು. 2012ರಲ್ಲಿ ಎರಡೂ ಮುಚ್ಚಿದವು. ಸ್ಥಾವರ ಮುಚ್ಚಿಸುವುದು ಒಂದು ಕೆಲಸ, ಅದರ ಜಾಗಕ್ಕೆ ಏನು ಬರಬೇಕು ಎಂದು ಕಾನೂನಿನಲ್ಲಿ ಬರೆಸುವುದು ಇನ್ನೊಂದು.

ಆ ಎರಡನೇ ಕೆಲಸಕ್ಕೆ ‘ಕ್ಲೀನ್ ಜಾಬ್ಸ್ ಕೊಯಲಿಷನ್’ ಎಂಬ ಒಕ್ಕೂಟ ಹಿಡಿದ ದಾರಿ ನನಗೆ ತುಂಬ ಇಷ್ಟವಾಯಿತು. ಮೊದಲು ಕರಡು ಬರೆದು ಆಮೇಲೆ ಸಹಿ ಕೇಳಲಿಲ್ಲ. ರಾಜ್ಯದ ಉದ್ದಕ್ಕೂ ಸಭೆ ನಡೆಸಿ ಮೊದಲು ಕೇಳಿಸಿಕೊಂಡರು. ಗಣಿ ಊರುಗಳಲ್ಲಿ ಚಿಂತೆ ಬೇರೆಯೇ: ಸ್ಥಾವರ ಮುಚ್ಚಿದರೆ ಕೆಲಸವೂ ಹೋಗುತ್ತದೆ, ಊರಿನ ಶಾಲೆ ನಡೆಸುವ ಆಸ್ತಿ ತೆರಿಗೆಯೂ ಹೋಗುತ್ತದೆ. ನಗರದಲ್ಲಿ ಕೇಳಿದ್ದು ಇನ್ನೊಂದು: ಸೌರ ಕೆಲಸಗಳು ನಮ್ಮ ಹುಡುಗರಿಗೂ ಸಿಗುತ್ತವಾ? ಕೆಲಸ ಕಳೆದುಕೊಳ್ಳುವವರಿಗೆ ನೆರವು, ತರಬೇತಿ ಕೇಂದ್ರಗಳು ಇವೆಲ್ಲ ಕಾಯ್ದೆಗೆ ಸೇರಿದ್ದರ ಹಿಂದೆ ಈ ಮಾತುಗಳಿವೆ. ಮಸೂದೆ ಮಂಡನೆಯಾದದ್ದು 2019ರಲ್ಲಿ.

ಇಲ್ಲಿ ಒಂದು ಪದ ಗುರುತು ಹಾಕಿಕೊಳ್ಳಿ: ವಿಟ್ನೆಸ್ ಸ್ಲಿಪ್. ಸಮಿತಿಯಲ್ಲಿ ಮಸೂದೆ ವಿಚಾರಣೆಗೆ ಬಂದಾಗ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ‘ಪರ’ ಅಥವಾ ‘ವಿರುದ್ಧ’ ಎಂದು ದಾಖಲಿಸಬಹುದು. ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಲೇಬೇಕೆಂದಿಲ್ಲ. ನಮ್ಮಲ್ಲಿ ಕರೆಂಟ್ ದರ ಏರಿಸುವ ಮುಂಚೆ ದರ ನಿಗದಿ ಮಾಡುವ ರಾಜ್ಯ ಆಯೋಗ ಕೆಇಆರ್‌ಸಿಗೆ ಆಕ್ಷೇಪಣೆ ಸಲ್ಲಿಸುತ್ತೇವಲ್ಲ, ಸ್ವಲ್ಪ ಹಾಗೆ. ಸ್ಲಿಪ್ ಮತವಲ್ಲ, ಅದನ್ನು ಎಣಿಸಿ ತೀರ್ಮಾನ ಮಾಡುವುದಿಲ್ಲ. ಆದರೆ ‘ನನ್ನ ಕ್ಷೇತ್ರದಲ್ಲಿ ಯಾರೂ ಕೇಳಲಿಲ್ಲ’ ಎಂದು ಜಾರಿಕೊಳ್ಳುವುದು ಶಾಸಕರಿಗೆ ಕಷ್ಟವಾಗುತ್ತದೆ.

ಇಷ್ಟಾದರೂ ಮಸೂದೆ ಎರಡು ವರ್ಷ ಅಲುಗಲಿಲ್ಲ. 2020ರಲ್ಲಿ ಕೋವಿಡ್ ಬಂತು. ಅದೇ ಜುಲೈನಲ್ಲಿ ಶಿಕಾಗೋದ ವಿದ್ಯುತ್ ಕಂಪನಿ ಕಾಮೆಡ್ ಲಂಚದ ಪ್ರಕರಣದಲ್ಲಿ 20 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡಿತು. ರಾಜ್ಯದ ಕೆಳಮನೆಯಾದ ಹೌಸ್‌ನ ಸ್ಪೀಕರ್ ಮೈಕೆಲ್ ಮ್ಯಾಡಿಗನ್ ಅವರನ್ನು ಒಲಿಸಿಕೊಳ್ಳಲು ನಡೆದ ವ್ಯವಹಾರ ಅದು. 2021ರ ಜನವರಿಯಲ್ಲಿ ಅವರ ಸ್ಪೀಕರ್ ಕುರ್ಚಿ ಹೋಯಿತು. ಇಂಧನ ಮಸೂದೆಗಳ ಮೇಲೆ ಕಂಪನಿಗಳಿಗಿದ್ದ ಹಿಡಿತ ಸಡಿಲವಾಯಿತು. ಇದನ್ನು ಚಳವಳಿ ಮಾಡಿಸಲಿಲ್ಲ. ಆದರೆ ಬಾಗಿಲು ತೆರೆದಾಗ ಒಕ್ಕೂಟದ ಕೈಯಲ್ಲಿ ಕರಡು ಸಿದ್ಧವಿತ್ತು.

ಆಮೇಲಿನದು ಗಡಿಯಾರದ ಕಥೆ. ಇಲಿನಾಯ್‌ನಲ್ಲಿ ಮೇ 31ರ ನಂತರ ಪಾಸಾದ ಮಸೂದೆ ಬೇಗ ಜಾರಿಯಾಗಬೇಕಾದರೆ ಐದರಲ್ಲಿ ಮೂರು ಪಾಲು ಮತ ಬೇಕು: ಹೌಸ್‌ನಲ್ಲಿ 118ಕ್ಕೆ 71, ಮೇಲ್ಮನೆಯಾದ ಸೆನೆಟ್‌ನಲ್ಲಿ 59ಕ್ಕೆ 36. 2021ರ ಮೇ 31 ಒಪ್ಪಂದವಿಲ್ಲದೆ ದಾಟಿತು. ಅತ್ತ ಅಣುಸ್ಥಾವರಗಳನ್ನು ನಡೆಸುತ್ತಿದ್ದ ಎಕ್ಸೆಲಾನ್ ಕಂಪನಿ, ರಾಜ್ಯದ ನೆರವು ಸಿಗದಿದ್ದರೆ ಬೈರನ್ ಅಣುಸ್ಥಾವರವನ್ನು ಸೆಪ್ಟೆಂಬರ್ 13ಕ್ಕೆ ನಿಲ್ಲಿಸುತ್ತೇವೆ ಎಂದಿತ್ತು. ರಾಜ್ಯದ ಅರ್ಧಕ್ಕಿಂತ ಜಾಸ್ತಿ ವಿದ್ಯುತ್ ಅಣುಸ್ಥಾವರಗಳದ್ದೇ. ಹೌಸ್ ಸೆಪ್ಟೆಂಬರ್ 9ರಂದು 83-33 ಮತಗಳಿಂದ ಒಪ್ಪಿತು. ಸೆನೆಟ್ ಒಪ್ಪಿದ್ದು ಸರಿಯಾಗಿ 13ರಂದು, 37-17. ಅಂದರೆ ಬೇಕಾದ್ದಕ್ಕಿಂತ ಒಂದೇ ಮತ ಜಾಸ್ತಿ! 15ರಂದು ಗವರ್ನರ್ ಜೆ.ಬಿ. ಪ್ರಿಟ್ಜ್‌ಕರ್ ಸಹಿ ಹಾಕಿದರು. ಎಕ್ಸೆಲಾನ್‌ಗೆ ಐದು ವರ್ಷಕ್ಕೆ ಸುಮಾರು 70 ಕೋಟಿ ಡಾಲರ್ ನೆರವು. ಒಳಗಿನ ವಿಷಯದಲ್ಲಿ ಒಕ್ಕೂಟದ ಮುದ್ರೆ ಇದೆ, ದಿನಾಂಕದಲ್ಲಿ ಬೈರನ್ ಮುದ್ರೆ ಇದೆ ಎಂದು ನಾನು ಓದಿಕೊಂಡಿದ್ದೇನೆ.

ಕೊನೆಯವರೆಗೂ ಕಗ್ಗಂಟಾಗಿದ್ದು ಪ್ರೇರಿ ಸ್ಟೇಟ್ ಎಂಬ ಕಲ್ಲಿದ್ದಲು ಸ್ಥಾವರ. ಪಠ್ಯಗಳು ‘ಜನ ಒಂದು ಕಡೆ, ಕಂಪನಿ ಇನ್ನೊಂದು ಕಡೆ’ ಎಂದು ಸುಮ್ನೆ ಬರೆದುಬಿಡುತ್ತವೆ. ಇಲ್ಲಿ ಹಾಗಿಲ್ಲ. ಇದು ಬಹುಪಾಲು ಊರುಗಳ ಸ್ವಂತ ವಿದ್ಯುತ್ ಸಂಸ್ಥೆಗಳು ಮತ್ತು ಸಹಕಾರ ಸಂಘಗಳ ಸೊತ್ತು, ಸಾಲ ಮಾಡಿ ಕಟ್ಟಿದ್ದು. ಮುಚ್ಚಿದರೂ ಸಾಲದ ಕಂತು ಮನೆಯವರ ಬಿಲ್ಲಿಗೇ ಬರುತ್ತದೆ. ಹಾಗಾಗಿ ಆ ಊರುಗಳ ಜನಪ್ರತಿನಿಧಿಗಳೂ ಸ್ಪ್ರಿಂಗ್‌ಫೀಲ್ಡ್‌ಗೆ ಒತ್ತಡ ಹಾಕಿದರು, ವಿರುದ್ಧ ದಿಕ್ಕಿನಿಂದ. ಕೊನೆಗೆ ಸಿಕ್ಕಿದ್ದು 2045ರವರೆಗೆ ಅವಕಾಶ, ನಡುವೆ 2035ರ ಹೊತ್ತಿಗೆ ಹೊಗೆಯ ಇಂಗಾಲ ಶೇ 45 ಇಳಿಸಬೇಕೆಂಬ ಷರತ್ತು, ಅದಕ್ಕೂ ಮೂರು ವರ್ಷದ ಸಡಿಲಿಕೆ.