ವೀಸಾ ತಿರಸ್ಕಾರವಾದರೆ ಆಸ್ಟ್ರೇಲಿಯಾದ ಕೋರ್ಟು ಏನು ನೋಡುತ್ತದೆ?

ಆಸ್ಟ್ರೇಲಿಯಾದಲ್ಲಿ ಆಶ್ರಯ ಕೇಳಿದವರ ಪ್ರೊಟೆಕ್ಷನ್ ವೀಸಾ ಅರ್ಜಿ ತಿರಸ್ಕಾರವಾಯಿತು, ಅದನ್ನು ಮರುಪರಿಶೀಲಿಸುವ ಟ್ರಿಬ್ಯುನಲ್ ಕೂಡ ಆಗಲ್ಲ ಅಂದಿತು ಅನ್ನಿ. ಮುಂದೆ ಉಳಿಯುವುದು ಕೋರ್ಟು. ಅಲ್ಲಿ ಜಡ್ಜ್ ಮತ್ತೆ ಮೊದಲಿಂದ ಕಥೆ ಕೇಳಿ, ಇವರು ನಿಜವಾಗಿ ನಿರಾಶ್ರಿತರೋ ಅಲ್ಲವೋ ಎಂದು ತೀರ್ಮಾನಿಸುತ್ತಾರೆ ಅಂತ ಅಂದುಕೊಳ್ಳುವುದು ಸುಲಭ. ಹಾಗಿಲ್ಲ. ಟ್ರಿಬ್ಯುನಲ್ ಕಾನೂನು ಮೀರಿತಾ, ಮುಖ್ಯ ವಾದವನ್ನೇ ನೋಡದೆ ಬಿಟ್ಟಿತಾ, ಉತ್ತರ ಕೊಡಲು ಅವಕಾಶ ಕೊಡಲಿಲ್ಲವಾ, ಇಷ್ಟೇ ಪ್ರಶ್ನೆ.

ಈ ಸಣ್ಣ ದಾರಿಯನ್ನೂ ಮುಚ್ಚಲು ಸರ್ಕಾರಗಳು ಸುಮ್ನೆ ಕೂತಿರಲಿಲ್ಲ. 1994ರಲ್ಲಿ ಜಾರಿಯಾದ ವಲಸೆ ಕಾಯ್ದೆಯ ತಿದ್ದುಪಡಿ, ಫೆಡರಲ್ ಕೋರ್ಟಿನಲ್ಲಿ ಎತ್ತಬಹುದಾದ ಆಕ್ಷೇಪಗಳನ್ನೇ ಕತ್ತರಿಸಿ, ಸಹಜ ನ್ಯಾಯದ (ತೀರ್ಮಾನಕ್ಕೆ ಮೊದಲು ಆ ವ್ಯಕ್ತಿಯ ಮಾತು ಕೇಳಲೇಬೇಕು ಎಂಬಂಥ ನಿಯಮದ) ಉಲ್ಲಂಘನೆಯನ್ನೂ ಪಟ್ಟಿಯಿಂದ ತೆಗೆಯಿತು. 1999ರಲ್ಲಿ ಹೈಕೋರ್ಟು (ಅಲ್ಲಿ ಅದೇ ಎಲ್ಲಕ್ಕಿಂತ ಮೇಲಿನದು) ಇದನ್ನು ಒಪ್ಪಿತು. ಆದರೆ ಆ ಆಕ್ಷೇಪಗಳನ್ನು ಹೊತ್ತವರು ನೇರವಾಗಿ ಹೈಕೋರ್ಟಿನ ಬಾಗಿಲಿಗೇ ಬಂದರು. ಬರಲೇಬೇಕಲ್ವಾ?

2001ರ ಆಗಸ್ಟ್‌ನಲ್ಲಿ ಸಮುದ್ರದಲ್ಲಿ ಸಿಕ್ಕಿದ್ದ ನಿರಾಶ್ರಿತರನ್ನು ಟಾಂಪಾ ಎಂಬ ಹಡಗು ರಕ್ಷಿಸಿತು, ಸರ್ಕಾರ ಅವರನ್ನು ಒಳಗೆ ಬಿಡಲಿಲ್ಲ. ಮರು ತಿಂಗಳೇ ಹೊಸ ಕಲಂ ಬಂತು: ವೀಸಾ ನಿರ್ಧಾರವೇ ಅಂತಿಮ, ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ.

ಅದನ್ನು ಪ್ರಶ್ನಿಸಿದವರ ಹೆಸರು ದಾಖಲೆಯಲ್ಲಿ 'ಎಸ್157' ಅಷ್ಟೇ. ಊರಿನಲ್ಲಿ ಅಪಾಯ ಇರಬಹುದಾದ್ದರಿಂದ ಇಂಥ ಅರ್ಜಿದಾರರ ಹೆಸರನ್ನು ಕೋರ್ಟು ಪ್ರಕಟಿಸುವಂತಿಲ್ಲ. 2003ರ ಫೆಬ್ರವರಿ ತೀರ್ಪು ಜಾಣತನದ್ದು. ಕಲಂ ಅನ್ನು ಹೈಕೋರ್ಟು ರದ್ದು ಮಾಡಲೇ ಇಲ್ಲ. ಅಧಿಕಾರ ಮೀರಿ ಕೊಟ್ಟ ನಿರ್ಧಾರ ಈ ಕಾಯ್ದೆಯಡಿ ಕೊಟ್ಟ ನಿರ್ಧಾರವೇ ಅಲ್ಲ, ಹಾಗಾಗಿ ಕಲಂನ ರಕ್ಷಣೆ ಅದಕ್ಕಿಲ್ಲ ಅಂದಿತು. ಇದರ ಬೆನ್ನಿಗಿದ್ದದ್ದು ಸಂವಿಧಾನದ 75(5)ನೇ ವಿಧಿ. ಕೇಂದ್ರದ ಅಧಿಕಾರಿಗಳ ವಿರುದ್ಧ ರಿಟ್ ಹೊರಡಿಸುವ ಅಧಿಕಾರವನ್ನು ಅದು 1901ರಿಂದಲೇ ಹೈಕೋರ್ಟಿಗೆ ಕೊಟ್ಟಿದೆ. ಸಂಸತ್ತು ಮಾಮೂಲಿ ಕಾಯ್ದೆಯಿಂದ ಅದನ್ನು ಕಿತ್ತುಕೊಳ್ಳಲಾಗದು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಂದು ತೀರ್ಪು. ಬಾಂಗ್ಲಾದೇಶದ ಇಬ್ಬರು ಸಲಿಂಗಿ ಗಂಡಸರಿಗೆ ಟ್ರಿಬ್ಯುನಲ್ ವೀಸಾ ನಿರಾಕರಿಸಿತ್ತು. ಊರಿನಲ್ಲಿ ಸದ್ದಿಲ್ಲದೆ ಬದುಕಿದ್ದರು, ಮುಂದೆಯೂ ಹಾಗೇ ಇರುತ್ತಾರೆ ಅನ್ನುವುದು ಅದರ ಲೆಕ್ಕ. ಅವರು ಯಾಕೆ ಮುಚ್ಚಿಟ್ಟುಕೊಂಡು ಬದುಕಬೇಕಾಯಿತು, ಭಯದಿಂದಲೇ ಅಲ್ಲವೇ ಎಂದು ಟ್ರಿಬ್ಯುನಲ್ ಕೇಳಿಕೊಳ್ಳಲೇ ಇಲ್ಲ ಎಂದು ಹೈಕೋರ್ಟು 4-3ರ ಬಹುಮತದಲ್ಲಿ ಹೇಳಿತು. ನನ್ನ ಪ್ರಕಾರ ಕಾನೂನಿನ ತಪ್ಪು ಅಂದರೇನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಈಗ ಹಳೆಯ ಟ್ರಿಬ್ಯುನಲ್ ಹೋಗಿ ಹೊಸದು ಬಂದಿದೆ, 2024ರ ಅಕ್ಟೋಬರ್‌ನಿಂದ ಅದು ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯುನಲ್. ಕೋರ್ಟಿಗೆ ಹೋಗಲು ನಿರ್ಧಾರದ ದಿನದಿಂದ 35 ದಿನ. ತಡವಾದರೆ ಕಾರಣ ಕೊಟ್ಟು ಹೆಚ್ಚು ಸಮಯ ಕೇಳಬೇಕು. ಗೆದ್ದರೂ ವೀಸಾ ಕೈಗೆ ಬರಲ್ಲ. ಕೇಸು ಮತ್ತೆ ಟ್ರಿಬ್ಯುನಲ್‌ಗೇ ಹೋಗುತ್ತದೆ, ಅದು ಈ ಸಲ ಸರಿಯಾದ ಕ್ರಮದಲ್ಲೇ ಇನ್ನೊಮ್ಮೆ ತಿರಸ್ಕರಿಸಲೂಬಹುದು.