64 ಬೈಟಿನ ಸುಳಿವು

ಡ್ರೈವರ್‌ನಿಂದ, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶದಿಂದ, ಡೇಟಾ ತಪ್ಪಾಗಿ ಬರ್ತಿದೆ ಅಂತ ಯಾರಾದರೂ ಹೇಳಿದರೆ ನಾನು ತಕ್ಷಣ ಕೋಡ್ ತೆರೆಯುವುದಿಲ್ಲ. ಮೊದಲು ಆ ತಪ್ಪು ಡೇಟಾವನ್ನೇ ಹೆಕ್ಸ್ ಡಂಪ್ ತೆಗೆದು (ಬೈಟುಗಳನ್ನು ಸಂಖ್ಯೆಗಳಾಗಿ ಪಟ್ಟಿಮಾಡಿ) ನೋಡುತ್ತೇನೆ. ತಪ್ಪು ಎಲ್ಲಿ ಶುರುವಾಗಿದೆ? ಎಷ್ಟು ಬೈಟಿನವರೆಗೆ ಇದೆ? ಮೆಮೊರಿ ಮ್ಯಾಪಿಂಗ್ (ಭೌತಿಕ ಮೆಮೊರಿಯನ್ನು ಪ್ರೋಗ್ರಾಮಿನ ವಿಳಾಸಗಳಿಗೆ ಜೋಡಿಸುವುದು) ತೊಂದರೆಗಳಲ್ಲಿ ಈ ಎರಡು ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಒಮ್ಮೆ ಕ್ಯಾಮೆರಾ ಬೋರ್ಡೊಂದರ ಲಿನಕ್ಸ್ ಡ್ರೈವರ್ ನನ್ನ ಬಳಿ ಬಂತು. ಕ್ಯಾಮೆರಾ ಡಿಎಂಎ ಮೂಲಕ, ಅಂದರೆ ಸಿಪಿಯು ನಡುವೆ ಬಾರದೆ, ಚಿತ್ರವನ್ನು ನೇರವಾಗಿ ಮೆಮೊರಿಗೆ ಬರೆಯುತ್ತದೆ. ಡ್ರೈವರ್ ಆ ಮೆಮೊರಿ ಜಾಗವನ್ನು, ಅಂದರೆ ಬಫರನ್ನು, ಎಂಮ್ಯಾಪ್ ಎಂಬ ಕರೆಯ ಮೂಲಕ ಅಪ್ಲಿಕೇಶನ್‌ಗೆ ಕೊಡುತ್ತದೆ. ಇಂಟೆಲ್ ಪಿಸಿಯಲ್ಲಿ ಎಲ್ಲ ಸರಿಯಾಗಿತ್ತು. ಆರ್ಮ್ ಬೋರ್ಡಿಗೆ ಹಾಕಿದ ಮೇಲೆ ಚಿತ್ರದ ತುಂಬ ಸಣ್ಣ ಸಣ್ಣ ಗೆರೆಗಳು. ಎರಡು ಫ್ರೇಮ್ ಪಕ್ಕಪಕ್ಕ ಇಟ್ಟು ನೋಡಿದೆ. ಗೆರೆಗಳಲ್ಲಿದ್ದದ್ದು ಕಸವಲ್ಲ, ಹಿಂದಿನ ಫ್ರೇಮಿನ ಚೂರುಗಳು. ಪ್ರತಿ ಚೂರೂ 64 ಬೈಟು, ಇಲ್ಲವೇ 128, 192. ಶುರುವಾಗುವ ಜಾಗವೂ 64ರಿಂದ ಭಾಗವಾಗುವಂಥದ್ದೇ.

ಕ್ಯಾಶ್ ಅಂದರೆ ಸಿಪಿಯು ಬಳಿಯ ವೇಗದ ಸಣ್ಣ ಮೆಮೊರಿ. ಆ ಪ್ರೊಸೆಸರಿನಲ್ಲಿ ಅದರ ಒಂದು ತುಂಡು, ಅಂದರೆ ಕ್ಯಾಶ್ ಲೈನ್, 64 ಬೈಟು. ಅಂದರೆ ಮೆಮೊರಿಯಲ್ಲಿ ಹೊಸ ಚಿತ್ರ ಬಂದು ಕೂತಿದೆ, ಸಿಪಿಯು ಮಾತ್ರ ತನ್ನ ಕ್ಯಾಶ್‌ನಲ್ಲಿ ಉಳಿದ ಹಳೆಯದನ್ನೇ ಓದುತ್ತಿದೆ. ತಪ್ಪು 4096 ಬೈಟಿನ, ಅಂದರೆ ಒಂದು ಪೇಜಿನ (ಮೆಮೊರಿ ಮ್ಯಾಪ್ ಆಗುವ ತುಂಡು) ಲೆಕ್ಕದಲ್ಲಿದ್ದಿದ್ದರೆ ಬೇರೆ ಪೇಜ್ ಮ್ಯಾಪ್ ಆಗಿದೆಯಾ ಅಂತ ಹುಡುಕುತ್ತಿದ್ದೆ.

ಕೋಡ್ ತೆರೆದಾಗ ಕಾರಣ ಕಂಡಿತು. ಬಫರನ್ನು ಡಿಎಂಎ_ಅಲ್ಲಾಕ್_ಕೊಹೆರೆಂಟ್ ಎಂಬ ಕರೆಯಿಂದ ತೆಗೆದುಕೊಂಡಿದ್ದರು. ಈ ಬೋರ್ಡಿನಲ್ಲಿ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ಕ್ಯಾಶ್ ಇಲ್ಲದೆ ಮ್ಯಾಪ್ ಮಾಡಿಕೊಂಡಿತ್ತು. ಆದರೆ ಅಪ್ಲಿಕೇಶನ್‌ಗೆ ಕೊಡುವಾಗ ಪೇಜ್‌ಗಳನ್ನು ನೇರವಾಗಿ ಮ್ಯಾಪ್ ಮಾಡುವ ರಿಮ್ಯಾಪ್_ಪಿಎಫ್‌ಎನ್_ರೇಂಜ್ ಕರೆದು, ಪೇಜ್ ಗುಣಗಳನ್ನು (ಕ್ಯಾಶ್ ಬೇಕೇ ಬೇಡವೇ ಅನ್ನುವಂಥವು) ಇದ್ದ ಹಾಗೇ ಬಿಟ್ಟಿದ್ದರು. ಹಾಗಾಗಿ ಅಲ್ಲಿ ಕ್ಯಾಶ್ ಚಾಲೂ ಇತ್ತು. ಒಂದೇ ಮೆಮೊರಿ, ಎರಡು ಮ್ಯಾಪಿಂಗ್, ಎರಡಕ್ಕೂ ಬೇರೆ ಬೇರೆ ನಿಯಮ! ಪಿಸಿಯಲ್ಲಿ ಸಾಧನ ಮೆಮೊರಿಗೆ ಬರೆದಾಗ ಹಾರ್ಡ್‌ವೇರೇ ಕ್ಯಾಶ್ ಅನ್ನು ಸರಿಮಾಡುತ್ತದೆ. ಅದಕ್ಕೇ ಅಲ್ಲಿ ತಪ್ಪು ಕಾಣಲಿಲ್ಲ.

ಇಲ್ಲಿ ಜಾಸ್ತಿ ಜನ ಕ್ಯಾಶ್ ಬೇಡ ಅನ್ನುವ ಪಿಜಿಪ್ರಾಟ್_ನಾನ್‌ಕ್ಯಾಶ್ಡ್ ಗುಣ ಹಾಕಿ ಮುಗಿಯಿತು ಅಂದುಕೊಳ್ಳುತ್ತಾರೆ. ನಾವೂ ಹಾಕಿದೆವು. ಗೆರೆಗಳು ಹೋದವು, ಆದರೆ ಅಪ್ಲಿಕೇಶನ್ ಮೆಮ್‌ಕಾಪಿ (ಮೆಮೊರಿ ನಕಲು) ಮಾಡುವಾಗ ಬಸ್ ಎರರ್ ಬಂದು ಸತ್ತಿತು. 64 ಬಿಟ್ ಆರ್ಮ್‌ನಲ್ಲಿ ಆ ಗುಣ ಕೊಟ್ಟರೆ ಆ ಜಾಗ ಸಾಮಾನ್ಯ ಮೆಮೊರಿಯಾಗಿ ಉಳಿಯುವುದಿಲ್ಲ, ಸಾಧನದ ರಿಜಿಸ್ಟರ್‌ಗಳಂತೆ ನಡೆದುಕೊಳ್ಳುತ್ತದೆ. 8 ಬೈಟನ್ನು 8ರಿಂದ ಭಾಗವಾಗದ ವಿಳಾಸದಿಂದ ಓದಲು ಹೋದರೆ ಫಾಲ್ಟ್. ಮೆಮ್‌ಕಾಪಿ ವೇಗಕ್ಕಾಗಿ ಹಾಗೆ ಓದುವುದು ಮಾಮೂಲು.

ಸರಿಯಾದ ದಾರಿ ಡಿಎಂಎ_ಎಂಮ್ಯಾಪ್_ಕೊಹೆರೆಂಟ್. ಬಫರ್ ಕೊಟ್ಟ ವ್ಯವಸ್ಥೆಯೇ ಅದನ್ನು ಮ್ಯಾಪ್ ಮಾಡಿಕೊಡುತ್ತದೆ. ಯಾವ ಗುಣ ಕೊಡಬೇಕು ಅಂತ ಅದಕ್ಕೆ ಗೊತ್ತು, ನಾವು ಊಹಿಸಬೇಕಿಲ್ಲ.

ವಿಳಾಸದ ವಿಷಯದಲ್ಲೂ ಊಹೆ ಬೇಡ ಅಂತ ಕಿರಿಯರಿಗೆ ಮತ್ತೆ ಮತ್ತೆ ಹೇಳುತ್ತೇನೆ. ಡಿಎಂಎ ವಿಳಾಸವನ್ನು (ಸಾಧನ ಬಳಸುವ ವಿಳಾಸ) 12 ಬಿಟ್ ಬಲಕ್ಕೆ ಸರಿಸಿ, ಅದೇ ಪೇಜ್ ಫ್ರೇಮ್ ಸಂಖ್ಯೆ (ಭೌತಿಕ ಪೇಜಿನ ಕ್ರಮಸಂಖ್ಯೆ) ಅನ್ನುವವರಿದ್ದಾರೆ. ನಡುವೆ ಸಾಧನದ ವಿಳಾಸಗಳನ್ನು ಅನುವಾದಿಸುವ ಹಾರ್ಡ್‌ವೇರ್, ಅಂದರೆ ಐಒಎಂಎಂಯು, ಇದ್ದರೆ ಆ ವಿಳಾಸಕ್ಕೂ ಭೌತಿಕ ಮೆಮೊರಿಗೂ ಸಂಬಂಧವೇ ಇರುವುದಿಲ್ಲ. ಕರ್ನಲ್ ವಿಳಾಸಕ್ಕೆ ಸುಮ್ನೆ ವರ್ಟ್_ಟು_ಫಿಸ್ (ಭೌತಿಕ ವಿಳಾಸ ಲೆಕ್ಕಹಾಕುವ ಕರೆ) ಹಚ್ಚುವುದೂ ಅಷ್ಟೇ ಅಪಾಯ. ಚದುರಿದ ಪೇಜ್‌ಗಳನ್ನು ಸಾಲಾಗಿ ಜೋಡಿಸಿ ಕೊಡುವ ವಿಎಂಅಲ್ಲಾಕ್ ಜಾಗದ ವಿಳಾಸಕ್ಕೆ ಅದು ದೂರೇನೂ ಹೇಳದೆ ತಪ್ಪು ಉತ್ತರ ಕೊಡುತ್ತದೆ. ಪರೀಕ್ಷೆಯ ಕರ್ನಲ್‌ನಲ್ಲಿ ಕಾನ್ಫಿಗ್_ಡೀಬಗ್_ವರ್ಚುವಲ್ ಆಯ್ಕೆ ಹಾಕಿಡಿ, ಇಂಥದ್ದು ನಡೆದಾಗ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ.

ಆ ಡ್ರೈವರ್‌ನಲ್ಲಿ ಇನ್ನೊಂದು ತಪ್ಪಿತ್ತು, ಗೆರೆಗಳಿಗಿಂತ ದೊಡ್ಡದು. ಅಪ್ಲಿಕೇಶನ್ ಕೇಳಿದ ಉದ್ದ ಬಫರಿಗಿಂತ ಜಾಸ್ತಿಯೇ ಅಂತ ಎಲ್ಲೂ ನೋಡಿರಲಿಲ್ಲ. 2 ಎಂಬಿ ಬಫರಿಗೆ 64 ಎಂಬಿ ಕೇಳಿ ನೋಡಿದೆ. ರಿಮ್ಯಾಪ್_ಪಿಎಫ್‌ಎನ್_ರೇಂಜ್ ಕೊಟ್ಟೇಬಿಟ್ಟಿತು. ಬಫರಿನ ಆಚೆ ಯಾರ ಪೇಜ್‌ಗಳಿದ್ದವೋ, ಎಲ್ಲವೂ ಮಾಮೂಲಿ ಅಪ್ಲಿಕೇಶನ್‌ಗೆ ಓದಲು ಬರೆಯಲು ತೆರೆದಿದ್ದವು. ಡಿಎಂಎ_ಎಂಮ್ಯಾಪ್_ಕೊಹೆರೆಂಟ್‌ಗೆ ಬದಲಿಸಿದ ಮೇಲೆ ಅದೇ ಪರೀಕ್ಷೆ ಮತ್ತೆ ಓಡಿಸಿದೆ. ಈ ಸಲ ಎಂಮ್ಯಾಪ್ ವಿಫಲವಾಯಿತು.