ಬೇಳೆ ಬೇಯುವ ನೀರಲ್ಲೂ ಫ್ಲೋರೈಡ್ ಇದ್ದೀತು

ಹೊಸ ಬೋರ್‌ವೆಲ್ ನೀರಿಗೆ ಹಳ್ಳಿಗಳಲ್ಲಿ ಎರಡು ಪರೀಕ್ಷೆ: ಬೇಳೆ ಬೇಗ ಬೇಯುತ್ತದೆಯೇ, ಸೋಪಿಗೆ ನೊರೆ ಬರುತ್ತದೆಯೇ? ನೀರಿನ ಗಡಸುತನವನ್ನು ಇವು ಸರಿಯಾಗಿಯೇ ಹಿಡಿಯುತ್ತವೆ. ಆದರೆ ಗಡಸುತನ ತರುವ ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿ ಉಳಿಯಲಾರದು. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬನೇಟ್ ಜಾಸ್ತಿ ಇರುವ ಮೆದು ನೀರಿನಲ್ಲಿ ಬಂಡೆ ಬಿಟ್ಟ ಫ್ಲೋರೈಡ್ ಹಾಗೇ ಉಳಿಯುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ನಾಲಿಗೆ ಮೆಚ್ಚಿದ ನೀರನ್ನೂ ಇದೇ ಕಾರಣಕ್ಕೆ ನಂಬುವಂತಿಲ್ಲ.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ವಾಂತಿಭೇದಿ ಹಬ್ಬಿದರೆ ಮರುದಿನವೇ ಟ್ಯಾಂಕರ್ ಬರುತ್ತದೆ, ಬ್ಲೀಚಿಂಗ್ ಪೌಡರ್ ಬರುತ್ತದೆ. ಫ್ಲೋರೈಡಿಗೆ ಅಂಥ ಒಂದು ದಿನ ಎಂಬುದಿಲ್ಲ. ಮಗುವಿಗೆ ಸುಮಾರು ಎಂಟು ವರ್ಷ ತುಂಬುವುದರೊಳಗೆ, ಹಲ್ಲು ಒಸಡಿನೊಳಗೇ ರೂಪುಗೊಳ್ಳುವಾಗ ಆದ ಹಾನಿ, ಶಾಶ್ವತ ಹಲ್ಲು ಹೊರಬಂದಾಗಲಷ್ಟೇ ಕಲೆಯಾಗಿ ಕಾಣುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ.

ಊರಿಗೆ ಶುದ್ಧ ನೀರಿನ ಘಟಕ ಬಂದ ಮೇಲೆ ಎಲ್ಲರೂ ನೋಡುವುದು ಟಿಡಿಎಸ್ ಮೀಟರನ್ನು. ಅದು ನೀರಿನ ವಿದ್ಯುತ್ ವಾಹಕತೆ ಅಳೆದು ಒಟ್ಟು ಲವಣದ ಅಂದಾಜು ಕೊಡುತ್ತದೆ, ಅಷ್ಟೇ. 600 ಮಿಲಿಗ್ರಾಂ ಲವಣದ ನಡುವೆ 3 ಮಿಲಿಗ್ರಾಂ ಫ್ಲೋರೈಡ್ ಅದಕ್ಕೆ ಕಾಣುವುದೇ ಇಲ್ಲ. ಇನ್ನೂ ಕೆಟ್ಟದ್ದು ಮಿಶ್ರಣದ ವಾಲ್ವ್. ನೀರು ಸಪ್ಪೆ ಎಂದು ಜನ ದೂರಿದಾಗ ಘಟಕ ನೋಡಿಕೊಳ್ಳುವವರು ಅದನ್ನು ತಿರುಗಿಸಿ ಕಚ್ಚಾ ನೀರು ಬೆರೆಸುತ್ತಾರೆ. ಬೋರ್‌ವೆಲ್ಲಿನಲ್ಲಿ 4, ಶೋಧಿಸಿದ ನೀರಿನಲ್ಲಿ 0.3 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಮೂರರಲ್ಲೊಂದು ಪಾಲು ಕಚ್ಚಾ ನೀರು ಸೇರಿದರೆ ನಲ್ಲಿಯಲ್ಲಿ ಬರುವುದು 1.53. ರುಚಿ ಸರಿಹೋಯಿತು, ಮಿತಿ ಮೀರಿತು.

ಮನೆಯಲ್ಲಾಗುವ ತಪ್ಪು ಬೇರೆ. ಕ್ಯಾನ್ ನೀರು ಕುಡಿಯುವುದಕ್ಕೆ, ಅನ್ನ ಸಾರಿಗೆ ಬೋರ್‌ವೆಲ್ ನೀರು. ಇಂಗಿಸಿ ಮಾಡಿದ ಅನ್ನದಲ್ಲಿ ಹಾಕಿದ ನೀರಿನ ಫ್ಲೋರೈಡ್ ಪೂರ್ತಿ ಉಳಿಯುತ್ತದೆ. ಕುದಿಸಿದರೆ ನೀರು ಆವಿಯಾಗಿ ಸಾಂದ್ರತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಇಂಥ ಊರುಗಳಿಗೆ ಜಲ ಜೀವನ್ ಮಿಷನ್ ಮಾರ್ಗಸೂಚಿ ತಲೆಗೆ ದಿನಕ್ಕೆಂದು ಹೇಳುವ 8ರಿಂದ 10 ಲೀಟರಿನಲ್ಲಿ ಅಡುಗೆಯೂ ಸೇರಿದೆ. ಐವರ ಮನೆಗೆ ದಿನಕ್ಕೆ 20 ಲೀಟರಿನ ಎರಡು ಕ್ಯಾನಾದರೂ ಬೇಕು. ಒಂದೇ ಕ್ಯಾನ್ ಒಯ್ಯುವ ಮನೆಗಳೆಷ್ಟು ಎಂದು ಎಣಿಸಿದರೆ, ಘಟಕ ನಿಜಕ್ಕೂ ಎಷ್ಟು ಜನರನ್ನು ಕಾಪಾಡುತ್ತಿದೆ ಎಂಬುದರ ಅಂದಾಜು ಪಂಚಾಯಿತಿಗೆ ಸಿಗುತ್ತದೆ.

ಮಾದರಿ ಹಿಡಿಯುವಾಗ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕಿನದು ಇರಲಿ. ಮೋಟಾರು ಹತ್ತು ನಿಮಿಷ ಓಡಿದ ಮೇಲೆ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ. ಕಚ್ಚಾ ನೀರಿಗೊಂದು, ಜನ ಹಿಡಿಯುವ ನಲ್ಲಿಗೊಂದು, ಹೀಗೆ ಎರಡು ಬಾಟಲಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಫ್ಲೋರೈಡ್ ಪರೀಕ್ಷೆಗೆ ಪ್ರಯೋಗಾಲಯಕ್ಕೆ ಕಳಿಸಿ. ಎರಡೂ ಅಂಕಿಗಳನ್ನು ತಾರೀಖಿನ ಸಮೇತ ಘಟಕದ ಗೋಡೆಗೆ ಬರೆಸಬೇಕು. ಕಳೆದ ಸಲಕ್ಕಿಂತ ನಲ್ಲಿಯ ಅಂಕಿ ಏರಿದ್ದರೆ ಮೊದಲು ಮಿಶ್ರಣದ ವಾಲ್ವ್ ನೋಡಿ, ಆಮೇಲೆ ಮೆಂಬ್ರೇನಿನ (ನೀರು ಶೋಧಿಸುವ ಪೊರೆಯ) ರಬ್ಬರ್ ಸೀಲ್, ಕೊನೆಗೆ ಮೆಂಬ್ರೇನ್.